ಬ್ರೌನಿಯ ಹುಟ್ಟು, ಟಾಫಿಯ ಸೇರ್ಪಡೆ

ಬ್ರೌನಿ 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭದ ನಡುವಿನ ಹತ್ತು-ಹದಿನೈದು ವರ್ಷಗಳಲ್ಲಿ ಅಮೆರಿಕದ ಅಡುಗೆಮನೆಗಳಲ್ಲಿ ರೂಪುಗೊಂಡ ತಿನಿಸು. ಹಿಟ್ಟನ್ನು ಚೌಕ ತಟ್ಟೆಗೆ ತೆಳುವಾಗಿ ಹರಡಿ ಬೇಯಿಸಿ, ಆಮೇಲೆ ತುಂಡುಗಳಾಗಿ ಕತ್ತರಿಸುವುದು ಇದರ ಕ್ರಮ. ಇದು ಕೇಕಿನಂತೆ ಉಬ್ಬುವುದಿಲ್ಲ, ಬಿಸ್ಕತ್ತಿನಂತೆ ಒಣಗುವುದೂ ಇಲ್ಲ. ಮೇಲೆ ಹೊಳಪಿನ ತೆಳು ಪೊರೆ, ಒಳಗೆ ಹಲ್ಲಿಗೆ ಅಂಟುವಷ್ಟು ತೇವದ ತಿರುಳು. ಕೇಕಿಗೆ ಬೇಕಿಂಗ್ ಪೌಡರ್ ಹಾಕಲು ಮರೆತ ಯಾರೋ ಗೃಹಿಣಿಯ ಕೈತಪ್ಪಿನಿಂದ ಇದು ಹುಟ್ಟಿತೆಂಬ ಕತೆ ಇಂದಿಗೂ ಚಾಲ್ತಿಯಲ್ಲಿದೆ. ಆದರೆ ಆ ಕಾಲದ ಅಡುಗೆ ಪುಸ್ತಕಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಕಾಣುವುದು ಬೇರೆ. ಅಳತೆಯ ಕಪ್, ಒಂದು ಔನ್ಸಿನ ಚಾಕೊಲೇಟ್ ಬಿಲ್ಲೆ, ಶಾಖ ಹಿಡಿದಿಡುವ ಓವನ್ ಇವು ಒಂದೊಂದಾಗಿ ಮನೆಗೆ ಬಂದಂತೆ ಮೈದಾ ಇಳಿದು, ಬೆಣ್ಣೆ ಮತ್ತು ಮೊಟ್ಟೆ ಏರಿ, ಕೇಕೊಂದು ಮೆಲ್ಲಗೆ ಬ್ರೌನಿಯಾಯಿತು. ಅದರೊಳಗೆ ಬಹಳ ತಡವಾಗಿ ಬಂದು ಸೇರಿದ ಟಾಫಿಗೆ ತನ್ನದೇ ಆದ ಚರಿತ್ರೆಯಿದೆ. ಅದು ಇನ್ನೂ ಹಳೆಯದು, ಇಂಗ್ಲೆಂಡಿನದು.

ಬ್ರೌನಿಗೆ ಮೊದಲು ಬೇಕಾದದ್ದು ಮನೆಬಳಕೆಯ ಚಾಕೊಲೇಟ್. ಮ್ಯಾಸಚೂಸೆಟ್ಸ್‌ನ ಡಾರ್ಚೆಸ್ಟರಿನಲ್ಲಿ, ನೆಪಾನ್ಸೆಟ್ ನದಿಯ ದಡದ ಗಿರಣಿಯೊಂದರಲ್ಲಿ ಜಾನ್ ಹ್ಯಾನನ್ ಎಂಬ ಕುಶಲಕರ್ಮಿ 1765ರಲ್ಲಿ ಡಾ. ಜೇಮ್ಸ್ ಬೇಕರ್ ಕೊಟ್ಟ ಬಂಡವಾಳದಿಂದ ಕೋಕೋ ಬೀಜ ಅರೆಯಲು ಶುರುಮಾಡಿದ. ಕೋಕೋ ಕೊಳ್ಳಲು ವೆಸ್ಟ್ ಇಂಡೀಸಿಗೆ ಹೊರಟ ಹ್ಯಾನನ್ ಮರಳಿ ಬರಲಿಲ್ಲ. 1780ರಿಂದ ಸರಕು ಬೇಕರ್ ಮನೆತನದ ಹೆಸರಿನಲ್ಲೇ ಮಾರಾಟವಾಯಿತು. ಆಗಿನ ಚಾಕೊಲೇಟ್ ತಿನ್ನುವ ಪದಾರ್ಥವಲ್ಲ, ಬಿಸಿನೀರಿನಲ್ಲೋ ಹಾಲಿನಲ್ಲೋ ಕದಡಿ ಕುಡಿಯುವ ಗಟ್ಟಿ ಬಿಲ್ಲೆ. ಡಚ್ಚರ ವಾನ್ ಹೌಟನ್ ಕುಟುಂಬ 1828ರಲ್ಲಿ ಕೋಕೋ ಬೀಜದಿಂದ ಕೊಬ್ಬನ್ನು ಹಿಂಡಿ ತೆಗೆಯುವ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಕೋಕೋ ಪುಡಿ, ಕೋಕೋ ಬೆಣ್ಣೆ ಎರಡೂ ಬೇರೆ ಬೇರೆಯಾಗಿ ಸಿಗತೊಡಗಿದವು. 1847ರಲ್ಲಿ ಬ್ರಿಸ್ಟಲ್‌ನ ಫ್ರೈ ಕಂಪನಿ ಕಚ್ಚಿ ತಿನ್ನುವ ಚಾಕೊಲೇಟ್ ತಯಾರಿಸಿತು. ಅಮೆರಿಕದ ಮನೆಗಳು ಮಾತ್ರ ಸಕ್ಕರೆಯಿಲ್ಲದ ಕಹಿ ಬಿಲ್ಲೆಯನ್ನೇ ಅಡುಗೆಗೆ ಉಳಿಸಿಕೊಂಡವು. ಬಿಲ್ಲೆ ತಲಾ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ. ಪಾಕವಿಧಾನ ಬರೆಯುವವರು ತೂಕ ಹೇಳುವ ಗೋಜಿಗೇ ಹೋಗದೆ ‘ಎರಡು ಬಿಲ್ಲೆ’ ಎಂದರೆ ಸಾಕಾಗುತ್ತಿತ್ತು.

ಅಳತೆಯ ಶಿಸ್ತನ್ನು ಮನೆಗೆ ತಂದ ಹೆಸರು ಫ್ಯಾನಿ ಫಾರ್ಮರ್. 1857ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಈಕೆ ಹದಿಹರೆಯದಲ್ಲೇ ಕಾಯಿಲೆಯಿಂದ ಕಾಲಿನ ಬಲ ಕಳೆದುಕೊಂಡಳು, ಓದು ನಿಂತಿತು. ಮೂವತ್ತು ದಾಟಿದ ಮೇಲೆ 1879ರಲ್ಲಿ ಸ್ಥಾಪನೆಯಾಗಿದ್ದ ಬಾಸ್ಟನ್ ಕುಕಿಂಗ್ ಸ್ಕೂಲಿಗೆ ಸೇರಿ, ಮುಂದೆ ಅದರ ಪ್ರಾಂಶುಪಾಲೆಯೇ ಆದಳು. 1896ರಲ್ಲಿ ಆಕೆಯ ‘ಬಾಸ್ಟನ್ ಕುಕಿಂಗ್ ಸ್ಕೂಲ್ ಕುಕ್ ಬುಕ್’ ಪ್ರಕಟವಾಯಿತು. ಪ್ರಕಾಶಕರಾದ ಲಿಟ್ಲ್, ಬ್ರೌನ್ ಕಂಪನಿಗೆ ಅದು ಮಾರಾಟವಾಗುವ ನಂಬಿಕೆಯಿರಲಿಲ್ಲ. ಮೊದಲ 3,000 ಪ್ರತಿಗಳ ಖರ್ಚನ್ನು ಲೇಖಕಿಯೇ ಹೊರಬೇಕಾಯಿತು. ಹಾಗಾಗಿ ಹಕ್ಕು ಆಕೆಯ ಬಳಿಯೇ ಉಳಿದು, ಮುಂದಿನ ಲಾಭವೂ ಆಕೆಗೇ ದಕ್ಕಿತು. ಅಷ್ಟರವರೆಗಿನ ಪುಸ್ತಕಗಳಲ್ಲಿ ‘ಒಂದು ಕೋಳಿಮೊಟ್ಟೆ ಗಾತ್ರದ ಬೆಣ್ಣೆ’, ‘ಒಂದು ಟೀ ಬಟ್ಟಲು ಸಕ್ಕರೆ’ ಎಂಬಂಥ ಅಳತೆಗಳಿದ್ದವು. ಫಾರ್ಮರ್ ಕಪ್ಪನ್ನೂ ಚಮಚವನ್ನೂ ತುಂಬಿ, ಚಾಕುವಿನ ಬೆನ್ನಿನಿಂದ ಮಟ್ಟಸ ಮಾಡಿ ಅಳೆಯಬೇಕೆಂದು ಪಟ್ಟು ಹಿಡಿದಳು. ಸಾರು, ಪಲ್ಯಗಳಲ್ಲಿ ಕೈಯಳತೆಗೆ ಹೆಚ್ಚುಕಡಿಮೆ ಸೈರಣೆಯಿದೆ. ಬ್ರೌನಿಯಲ್ಲಿ ಮೈದಾ ಎರಡು ಚಮಚ ಹೆಚ್ಚಾದರೆ ತಿನಿಸಿನ ಜಾತಿಯೇ ಬದಲಾಗುತ್ತದೆ.

ಆ 1896ರ ಪುಸ್ತಕದಲ್ಲಿ ‘ಬ್ರೌನಿ’ ಎಂಬ ಶೀರ್ಷಿಕೆಯಿದೆ, ಆದರೆ ಅದರಲ್ಲಿ ಚಾಕೊಲೇಟ್ ಇಲ್ಲ. ಬೆಣ್ಣೆ, ಪುಡಿ ಸಕ್ಕರೆ, ಕಾಕಂಬಿ ತಲಾ ಕಪ್ಪಿನ ಮೂರನೇ ಒಂದು ಭಾಗ, ಒಂದು ಮೊಟ್ಟೆ, ಕಪ್ಪಿಗೆ ತುಸು ಕಡಿಮೆ ಹಿಟ್ಟು, ಒಂದು ಕಪ್ ಪೆಕನ್ ಬೀಜದ ಚೂರು. ಇವನ್ನು ಪುಟ್ಟ ಅಚ್ಚುಗಳಲ್ಲಿ ಬೇಯಿಸಿ ಪ್ರತಿಯೊಂದರ ಮೇಲೂ ಅರ್ಧ ಪೆಕನ್ ಇಡಬೇಕು. ಬಣ್ಣ ಕಾಕಂಬಿಯದು. ಆ ದಶಕದಲ್ಲಿ ಬ್ರೌನಿ ಎಂಬ ಹೆಸರು ಎಲ್ಲೆಲ್ಲೂ ಇತ್ತು. ಸ್ಕಾಟ್ಲೆಂಡಿನ ಜನಪದ ಕತೆಗಳಲ್ಲಿ ರಾತ್ರಿ ಹೊತ್ತು ಬಂದು ಮನೆಗೆಲಸ ಮಾಡಿ ಹೋಗುವ ‘ಬ್ರೌನಿ’ಗಳೆಂಬ ಕುಳ್ಳ ಯಕ್ಷರನ್ನು ಕೆನಡಾ ಮೂಲದ ಚಿತ್ರಕಾರ ಪಾಮರ್ ಕಾಕ್ಸ್ ಮಕ್ಕಳ ಪದ್ಯಚಿತ್ರಗಳಿಗೆ ತಂದಿದ್ದ. 1887ರಲ್ಲಿ ಮೊದಲ ಪುಸ್ತಕ ಬಂದ ಮೇಲೆ ಅವು ಗೊಂಬೆ, ಆಟಿಕೆ, ಮಿಠಾಯಿಗಳ ಮೇಲೆಲ್ಲ ಹರಡಿದವು. 1900ರಲ್ಲಿ ಕೊಡಕ್ ಕಂಪನಿ ತನ್ನ ಅಗ್ಗದ ಕ್ಯಾಮೆರಾಕ್ಕೂ ಅದೇ ಹೆಸರಿಟ್ಟಿತು. ಆದ್ದರಿಂದ ಆ ಕಾಲದ ಜಾಹೀರಾತಿನಲ್ಲೋ ಪಟ್ಟಿಯಲ್ಲೋ ಬ್ರೌನಿ ಎಂದು ಕಂಡದ್ದೆಲ್ಲ ಇಂದಿನ ಬ್ರೌನಿಯಲ್ಲ.

ಚಾಕೊಲೇಟ್ ತಿನಿಸಿನ ಮಟ್ಟಿಗೆ ಹೆಚ್ಚು ಹೇಳಲಾಗುವ ಮೂಲ ಶಿಕಾಗೋದ್ದು. 1871ರಲ್ಲಿ ಬಾಗಿಲು ತೆರೆದ ಪಾಮರ್ ಹೌಸ್ ಹೋಟೆಲು ಕೆಲವೇ ದಿನಗಳಲ್ಲಿ ನಗರವನ್ನು ನುಂಗಿದ ಬೆಂಕಿಯಲ್ಲಿ ಸುಟ್ಟು ಹೋಗಿ ಮತ್ತೆ ಎದ್ದು ನಿಂತಿತ್ತು. 1893ರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅದೇ ಊರಿನಲ್ಲಿ ಕೊಲಂಬಸ್ ವಿಶ್ವ ಪ್ರದರ್ಶನ ನಡೆಯಿತು. ಹೋಟೆಲು ಮಾಲೀಕನ ಪತ್ನಿ ಬರ್ತಾ ಪಾಮರ್ ಪ್ರದರ್ಶನದ ಮಹಿಳಾ ಮಂಡಳಿಯ ಅಧ್ಯಕ್ಷೆ. ಊಟದ ಡಬ್ಬಿಯಲ್ಲಿ ಇಟ್ಟುಕೊಂಡು ಹೋಗಲು, ಕೈಗೆ ಕ್ರೀಮ್ ಮೆತ್ತದೆ ತಿನ್ನಲು ಬರುವ ಸಿಹಿಯೊಂದು ಹೆಂಗಸರಿಗೆ ಬೇಕೆಂದು ಆಕೆ ಕೇಳಿದಳು, ಅಡುಗೆಯವರು ಅಕ್ರೋಟು ಉದುರಿಸಿ ಏಪ್ರಿಕಾಟ್ ಜಾಮಿನ ಲೇಪ ಕೊಟ್ಟ ಚಾಕೊಲೇಟ್ ತುಂಡು ಮಾಡಿಕೊಟ್ಟರು ಎಂಬುದು ಹೋಟೆಲಿನ ಕತೆ. ಅಲ್ಲಿ ಇಂದೂ ಅದನ್ನು ಬಡಿಸಲಾಗುತ್ತದೆ. ಕತೆ ನಂಬಬಹುದಾದದ್ದೇ. ಆದರೆ ಒಂದು ಹೋಟೆಲಿನ ಸಿಹಿ ಮನೆಮನೆಯ ತಿನಿಸಾಗಲು ಅದರ ವಿಧಾನ ಅಚ್ಚಾಗಬೇಕು, ಆ ಕೆಲಸ ನಡೆದದ್ದು ಶಿಕಾಗೋದ ಹೋಟೆಲಿನಲ್ಲಿ ಅಲ್ಲ.

1904ರ ಸುಮಾರಿಗೆ ಮಹಿಳಾ ಸಂಘಗಳೂ ಚರ್ಚುಗಳೂ ನಿಧಿ ಸಂಗ್ರಹಕ್ಕಾಗಿ ಅಚ್ಚು ಹಾಕಿಸಿದ ಸಣ್ಣ ಅಡುಗೆ ಪುಸ್ತಕಗಳಲ್ಲಿ ‘ಬ್ಯಾಂಗರ್ ಬ್ರೌನಿ’ ಎಂಬ ಚಾಕೊಲೇಟ್ ತಿನಿಸು ಕಾಣಿಸಿಕೊಳ್ಳುತ್ತದೆ. ಬ್ಯಾಂಗರ್ ಮೇನ್ ರಾಜ್ಯದ ಊರು. ಮರೆತ ಬೇಕಿಂಗ್ ಪೌಡರಿನ ಕತೆಗೂ ಇದೇ ತವರು. ಅದೇ ಊರಿನ ಪಾಕತಜ್ಞೆ ಮಿಲ್ಡ್ರೆಡ್ ಶ್ರಂಫ್‌ಗೆ ಬ್ರೌನಿ ಎಂಬ ಅಡ್ಡಹೆಸರಿದ್ದುದರಿಂದ ಆಕೆಯೇ ಇದನ್ನು ಕಂಡುಹಿಡಿದಳೆಂದು ಹೇಳುವವರೂ ಇದ್ದರು. ಆಕೆ ಹುಟ್ಟಿದ್ದು 1903ರಲ್ಲಿ!

ಫಾರ್ಮರ್ 1906ರಲ್ಲಿ ತನ್ನ ಪುಸ್ತಕವನ್ನು ಪರಿಷ್ಕರಿಸಿದಾಗ ಬ್ರೌನಿಗೆ ಚಾಕೊಲೇಟ್ ಬಂತು. ಒಂದು ಕಪ್ ಸಕ್ಕರೆ, ಕಾಲು ಕಪ್ ಕರಗಿಸಿದ ಬೆಣ್ಣೆ, ಕಡೆಯದ ಒಂದು ಮೊಟ್ಟೆ, ಎರಡು ಬಿಲ್ಲೆ ಬೇಕರ್ ಚಾಕೊಲೇಟ್, ಮುಕ್ಕಾಲು ಟೀ ಚಮಚ ವೆನಿಲಾ, ಅರ್ಧ ಕಪ್ ಹಿಟ್ಟು, ಅರ್ಧ ಕಪ್ ಅಕ್ರೋಟು. ಪಟ್ಟಿಯಲ್ಲಿ ಬೇಕಿಂಗ್ ಪೌಡರ್ ಇಲ್ಲ. ಅದು ಮರೆವಲ್ಲ, ಅದೇ ಪುಸ್ತಕದ ಕೇಕ್‌ಗಳಲ್ಲಿ ಬೇಕಿಂಗ್ ಪೌಡರ್ ಧಾರಾಳವಾಗಿದೆ. ಏಳು ಅಂಗುಲದ ಚೌಕ ತಟ್ಟೆಗೆ ಮೇಣದ ಕಾಗದ ಹಾಸಿ, ಸಣ್ಣ ಉರಿಯ ಓವನ್ನಿನಲ್ಲಿ ಬೇಯಿಸಿ, ತೆಗೆದ ಕೂಡಲೇ ಮಗುಚಿ ಕಾಗದ ಬಿಡಿಸಿ ಹರಿತವಾದ ಚಾಕುವಿನಿಂದ ಕತ್ತರಿಸಬೇಕು. ತಡಮಾಡಿದರೆ ಕಾಗದ ಅಂಟಿಕೊಂಡು ತುಂಡುಗಳು ಆಕಾರ ಕೆಡುತ್ತವೆ ಎಂಬ ಎಚ್ಚರಿಕೆಯೂ ಇದೆ. ಅಂಟಿಕೊಳ್ಳುವ ತಿನಿಸೆಂದು ಲೇಖಕಿಗೆ ಗೊತ್ತಿತ್ತು, ಅದನ್ನೇ ಉದ್ದೇಶಿಸಿ ಬರೆದದ್ದು ಸ್ಪಷ್ಟ.

ಮರುವರ್ಷ, 1907ರಲ್ಲಿ, ಬಾಸ್ಟನ್ನಿನ ಮತ್ತೊಂದು ಚಾಕೊಲೇಟ್ ಕಂಪನಿಯಾದ ಲೌನಿ ತನ್ನ ಸರಕಿನ ಪ್ರಚಾರಕ್ಕೆ ಅಡುಗೆ ಪುಸ್ತಕವೊಂದನ್ನು ಹೊರಡಿಸಿತು. ಬರೆದವಳು ಫಾರ್ಮರ್‌ಳ ಬಳಿ ಕಲಿತಿದ್ದ ಮರಿಯಾ ವಿಲೆಟ್ ಹೊವಾರ್ಡ್. ಆಕೆಯ ಬ್ರೌನಿಯಲ್ಲಿ ಸಕ್ಕರೆ, ಚಾಕೊಲೇಟ್, ಹಿಟ್ಟು ಗುರುವಿನ ಅಳತೆಯವೇ. ಬೆಣ್ಣೆ ಮಾತ್ರ ಕಾಲು ಕಪ್ಪಿನಿಂದ ಅರ್ಧಕ್ಕೆ, ಮೊಟ್ಟೆ ಒಂದರಿಂದ ಎರಡಕ್ಕೆ ಏರಿತು. ಗ್ರಾಂ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 60 ಗ್ರಾಂ ಹಿಟ್ಟಿಗೆ ಫಾರ್ಮರ್ 57 ಗ್ರಾಂ ಬೆಣ್ಣೆ ಹಾಕಿದರೆ ಹೊವಾರ್ಡ್ 113 ಗ್ರಾಂ ಹಾಕಿದಳು. ಇಂದು ಮೆತ್ತನೆಯ, ಮುದ್ದೆಯಂಥ ಬ್ರೌನಿ ಎಂದು ಕರೆಯುವುದು ಹೆಚ್ಚುಕಡಿಮೆ ಇಲ್ಲಿಗೆ ಸಿದ್ಧವಾಗಿತ್ತು. ಮುಂದಿನ ನೂರು ವರ್ಷದ ಬದಲಾವಣೆಗಳೆಲ್ಲ ಈ ಅನುಪಾತದ ಮೇಲಿನ ಸಣ್ಣ ತಿದ್ದುಪಡಿಗಳೇ.

ಆ ಮುದ್ದೆಯಂಥ ಹದಕ್ಕೆ ಅಮೆರಿಕನ್ನರ ನಾಲಿಗೆ ಮೊದಲೇ ಪಳಗಿದ್ದಕ್ಕೆ ಕಾರಣ ಫಜ್. ಸಕ್ಕರೆ, ಹಾಲು, ಬೆಣ್ಣೆ, ಚಾಕೊಲೇಟ್ ಕುದಿಸಿ ಕಲಕಿ ಗಟ್ಟಿಯಾಗಿಸಿದ ಈ ಮಿಠಾಯಿ 1886ರಲ್ಲಿ ಬಾಲ್ಟಿಮೋರಿನ ಅಂಗಡಿಯೊಂದರಲ್ಲಿ ಪೌಂಡಿಗೆ 40 ಸೆಂಟಿನಂತೆ ಮಾರಾಟವಾಗುತ್ತಿತ್ತೆಂದು ವಾಸರ್ ಕಾಲೇಜಿನ ವಿದ್ಯಾರ್ಥಿನಿ ಎಮಿಲಿನ್ ಹಾರ್ಟ್‌ರಿಜ್ ಬರೆದಿಟ್ಟಿದ್ದಾಳೆ. ಆಕೆ ವಿಧಾನವನ್ನು ಸಂಪಾದಿಸಿ 1888ರಲ್ಲಿ ಕಾಲೇಜಿನ ಹರಾಜಿಗೆಂದು 30 ಪೌಂಡ್ ಫಜ್ ಮಾಡಿದಳು. ಅಲ್ಲಿಂದ ಅದು ಪೂರ್ವ ಕರಾವಳಿಯ ಇತರ ಮಹಿಳಾ ಕಾಲೇಜುಗಳಿಗೆ ಹಬ್ಬಿತು. ಹಾಸ್ಟೆಲಿನ ಕೋಣೆಗಳಲ್ಲಿ ದೀಪದ ಉರಿಯ ಮೇಲೆ ಕದ್ದುಮುಚ್ಚಿ ಮಾಡುವ ತಿಂಡಿಯೆಂದೇ ಅದಕ್ಕೆ ಹೆಸರು. ಈ ಕಾಲೇಜುಗಳಲ್ಲಿ ಓದಿ ಮನೆ ಹೂಡಿದ ತಲೆಮಾರೇ ಹೊವಾರ್ಡ್‌ಳ ಪುಸ್ತಕದ ಓದುಗರೂ ಆಗಿತ್ತು.

ಓವನ್ನಿನ ವಿಚಾರ ಬೇರೆ. ಫಾರ್ಮರ್ ‘ಸಣ್ಣ ಉರಿಯ ಓವನ್’ ಎಂದು ಬರೆದದ್ದಕ್ಕೆ ಕಾರಣ, ಡಿಗ್ರಿ ಹೇಳಿದರೂ ಅಳೆಯುವ ಸಾಧನ ಮನೆಗಳಲ್ಲಿ ಇರಲಿಲ್ಲ. ಕಲ್ಲಿದ್ದಲು ಇಲ್ಲವೇ ಸೌದೆಯ ಎರಕದ ಒಲೆಯೊಳಗೆ ಕೈಯಿಟ್ಟು ಎಷ್ಟು ಹೊತ್ತು ತಡೆಯಬಹುದೆಂದು ಎಣಿಸುವುದು, ಬಿಳಿ ಕಾಗದವೋ ಹಿಟ್ಟೋ ಕಂದಾಗಲು ಹಿಡಿಯುವ ಸಮಯ ನೋಡುವುದು, ಇವೇ ಪರೀಕ್ಷೆಗಳು. 1915ರಲ್ಲಿ ಅಮೆರಿಕನ್ ಸ್ಟೋವ್ ಕಂಪನಿ ಲೊರೇನ್ ಹೆಸರಿನ ಶಾಖ ನಿಯಂತ್ರಕವನ್ನು ಗ್ಯಾಸ್ ಓವನ್ನಿಗೆ ಅಳವಡಿಸಿತು. ಮುಂದಿನ ಎರಡು ದಶಕಗಳಲ್ಲಿ ಪಾಕವಿಧಾನಗಳಲ್ಲಿ 325, 350 ಡಿಗ್ರಿ ಫ್ಯಾರನ್‌ಹೀಟ್ ಎಂಬ ಅಂಕಿಗಳು ಸಾಮಾನ್ಯವಾದವು. ಸೆಲ್ಸಿಯಸ್‌ನಲ್ಲಿ ಇವು ಸುಮಾರು 163 ಮತ್ತು 177. ಕೇಕ್ ಹತ್ತು ನಿಮಿಷ ಹೆಚ್ಚು ಬೆಂದರೆ ತುಸು ಒಣಗೀತು. ಬ್ರೌನಿಯ ನಡುಭಾಗ ಪೂರ್ತಿ ಗಟ್ಟಿಯಾಗುವ ಮುನ್ನವೇ ಹೊರತೆಗೆಯಬೇಕು, ಆ ಹದದ ಕಿಂಡಿ ಬಹಳ ಕಿರಿದು. ನಂಬಬಹುದಾದ ಶಾಖವಿಲ್ಲದೆ ಒಂದು ದಿನ ಬಂದ ಹದ ಮರುದಿನ ಬರುವಂತಿರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸಕ್ಕರೆಗೆ ಪಡಿತರ ಹೇರಿತು, 1942ರಿಂದ 1947ರವರೆಗೆ. ಅದು ಮುಗಿದ ಮೇಲೆ ಹಿಟ್ಟಿನ ಗಿರಣಿ ಕಂಪನಿಗಳು ಕೇಕ್ ಮಿಕ್ಸುಗಳ ಪೈಪೋಟಿಗೆ ಇಳಿದವು. 1950ರ ದಶಕದಲ್ಲಿ ಬ್ರೌನಿಯ ಮಿಕ್ಸ್ ಡಬ್ಬವೂ ಅಂಗಡಿಯ ಸಾಲು ಸೇರಿತು. ಬೇಡಿಕೆ ಹೆಚ್ಚಿತು, ರುಚಿ ಸಪಾಟಾಯಿತು. ಕೇಕಿನಂತೆ ಉಬ್ಬಿದ ಬ್ರೌನಿಯೋ ಮುದ್ದೆಯಂಥದೋ ಎಂಬ ವಾದ ಶುರುವಾದದ್ದು ಹೆಚ್ಚಾಗಿ ಈ ಡಬ್ಬಗಳ ಬೆನ್ನಿನ ಸೂಚನೆಗಳಿಂದ: ಒಂದು ಮೊಟ್ಟೆ ಹೆಚ್ಚು ಹಾಕಿದರೆ ಮೊದಲನೆಯದು, ಕಡಿಮೆಯಾದರೆ ಎರಡನೆಯದು. 1954ರಲ್ಲಿ ಬಂದ ಆಲಿಸ್ ಬಿ. ಟೋಕ್ಲಸ್‌ಳ ಅಡುಗೆ ಪುಸ್ತಕದಲ್ಲಿದ್ದ ಭಂಗಿ ಬೆರೆಸಿದ ಸಿಹಿ ಬ್ರೌನಿಯೇ ಅಲ್ಲ, ಒಣ ಹಣ್ಣು ಮಸಾಲೆಗಳ ಉಂಡೆ. 1968ರ ಹಾಲಿವುಡ್ ಚಿತ್ರವೊಂದು ಅದನ್ನು ಬ್ರೌನಿಯಾಗಿಸಿತು, ಆ ಅಪಖ್ಯಾತಿ ಬ್ರೌನಿಗೆ ಇಂದಿಗೂ ಅಂಟಿದೆ. ಇದಕ್ಕಿಂತ ಮುಖ್ಯವಾದ ಘಟನೆ 1975ರದ್ದು. ನಟಿ ಕ್ಯಾಥರೀನ್ ಹೆಪ್‌ಬರ್ನ್ ಮನೆಯಲ್ಲಿ ಮಾಡುತ್ತಿದ್ದ ಬ್ರೌನಿಯ ವಿಧಾನ ಮಹಿಳಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಎರಡು ಬಿಲ್ಲೆ ಚಾಕೊಲೇಟ್, ಅರ್ಧ ಕಪ್ ಬೆಣ್ಣೆ, ಒಂದು ಕಪ್ ಸಕ್ಕರೆ, ಎರಡು ಮೊಟ್ಟೆ, ಎಲ್ಲವೂ 1907ರವೇ. ಹಿಟ್ಟು ಮಾತ್ರ ಕಾಲು ಕಪ್. ಸುಮಾರು 30 ಗ್ರಾಂ ಹಿಟ್ಟಿನ ಬಲದ ಮೇಲೆ ನಿಂತ ಆ ಬ್ರೌನಿ, ಹಿಟ್ಟನ್ನು ಎಲ್ಲಿಯವರೆಗೆ ಇಳಿಸಬಹುದೆಂಬುದರ ಮೇರೆಯನ್ನು ತೋರಿಸಿತು.

ಈ ಹದದ ಹಿಂದಿನ ಕಾರ್ಯಕಾರಣ ಜಟಿಲವೇನಲ್ಲ. ಮೈದಾದ ಪಿಷ್ಟ ನೀರು ಹೀರಿ ಉಬ್ಬಿ ತಿರುಳಿಗೆ ಕಟ್ಟು ಕೊಡುತ್ತದೆ, ಅದು ಕಡಿಮೆಯಾದಷ್ಟೂ ತಿರುಳು ಮೆತ್ತಗೆ. ಬೆಣ್ಣೆಯನ್ನು ಸಕ್ಕರೆಯೊಂದಿಗೆ ಕಡೆದರೆ ಗಾಳಿ ಸೇರಿ ಕೇಕಿನಂತಾಗುತ್ತದೆ, ಕರಗಿಸಿ ಸುರಿದರೆ ಗಾಳಿಗೆ ಜಾಗವಿಲ್ಲ. ಕಹಿ ಚಾಕೊಲೇಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೋಕೋ ಬೆಣ್ಣೆ. ಕೋಣೆಯ ಉಷ್ಣತೆಯಲ್ಲಿ ಅದು ಗಟ್ಟಿ. ಹಾಗಾಗಿ ಓವನ್ನಿನಿಂದ ತೆಗೆದಾಗ ಹಸಿಯೆನಿಸಿದ ಬ್ರೌನಿ ಆರಿದ ಮೇಲೆ ಬಿಗಿಯುತ್ತದೆ, ಬಿಸಿಯಲ್ಲೇ ತೀರ್ಪು ಕೊಡುವವರು ಅತಿಯಾಗಿ ಬೇಯಿಸುವುದು ಈ ಕಾರಣಕ್ಕೆ. ಮೇಲಿನ ಹೊಳಪಿನ ಪೊರೆ ಸಕ್ಕರೆ ಮೊಟ್ಟೆಯಲ್ಲಿ ಚೆನ್ನಾಗಿ ಕರಗಿದಾಗ ಮಾತ್ರ ಬರುವಂಥದು: ಸಕ್ಕರೆ, ಮೊಟ್ಟೆಯ ಬಿಳಿಭಾಗಗಳು ಮೇಲ್ಮೈಯಲ್ಲಿ ಒಣಗಿ ಕಾಗದದಷ್ಟು ತೆಳುವಾದ ಪದರವಾಗುತ್ತವೆ. 2003ರಲ್ಲಿ ಆಲಿಸ್ ಮೆಡ್ರಿಚ್ ‘ಬಿಟರ್‌ಸ್ವೀಟ್’ ಪುಸ್ತಕದಲ್ಲಿ ಬಿಲ್ಲೆಯನ್ನೇ ಬಿಟ್ಟು ಬರೀ ಕೋಕೋ ಪುಡಿ, ಬೆಣ್ಣೆಗಳಿಂದ ಮಾಡುವ ಬ್ರೌನಿಯನ್ನು ಕೊಟ್ಟಳು. ಕೋಕೋ ಬೆಣ್ಣೆಗಿಂತ ಹಾಲಿನ ಬೆಣ್ಣೆ ಬೇಗ ಕರಗುವುದರಿಂದ ಅದರ ತಿರುಳು ಆರಿದ ಮೇಲೂ ಮೆದುವಾಗಿಯೇ ಉಳಿಯುತ್ತದೆ.

ಟಾಫಿಯ ಕಡೆಗೆ ಬಂದರೆ ಕಾಲ ಹಿಂದಕ್ಕೆ ಸರಿಯುತ್ತದೆ. ಲಿವರ್‌ಪೂಲ್ ಬಳಿಯ ಎವರ್ಟನ್ ಹಳ್ಳಿಯಲ್ಲಿ ಮಾಲಿ ಬುಶೆಲ್ ಎಂಬಾಕೆ 1753ರಲ್ಲಿ ವೈದ್ಯನೊಬ್ಬ ಕೆಮ್ಮಿಗೆಂದು ಕೊಟ್ಟ ವಿಧಾನದಿಂದ ಟಾಫಿ ಮಾಡಿ ಮಾರತೊಡಗಿದಳೆಂಬುದು ಅಲ್ಲಿನ ಪ್ರತೀತಿ. ಎವರ್ಟನ್ ಫುಟ್‌ಬಾಲ್ ತಂಡಕ್ಕೆ ‘ಟಾಫಿ’ಗಳೆಂಬ ಅಡ್ಡಹೆಸರು ಉಳಿದಿರುವುದೂ ಅದರಿಂದಲೇ. 1840ರಲ್ಲಿ ಹ್ಯಾರೊಗೇಟ್‌ನಲ್ಲಿ ಜಾನ್ ಫರ್ರಾ ಅಂಗಡಿ ತೆರೆದ. ಆ ಊರಿನ ಗಂಧಕದ ಬುಗ್ಗೆಯ ನೀರು ಕುಡಿಯಲು ದೂರದೂರದಿಂದ ರೋಗಿಗಳು ಬರುತ್ತಿದ್ದರು. ಕೊಳೆತ ಮೊಟ್ಟೆಯ ನಾತದ ಆ ನೀರು ಕುಡಿದ ಬಾಯಿಗೆ ನಿಂಬೆಯ ಪರಿಮಳದ ಫರ್ರಾ ಟಾಫಿ ಬೇಕೇ ಬೇಕಿತ್ತು. ನೀಲಿ-ಬೆಳ್ಳಿ ಬಣ್ಣದ ಡಬ್ಬಿಯಲ್ಲಿ ಅದು ಇಂದಿಗೂ ಮಾರಾಟದಲ್ಲಿದೆ. ಉತ್ತರ ಇಂಗ್ಲೆಂಡಿನ ಕಾರ್ಮಿಕರ ಮನೆಗಳಲ್ಲಿ ನವೆಂಬರ್ 5ರ ‘ಬಾನ್‌ಫೈರ್’ ರಾತ್ರಿಗೆ ಕಾಕಂಬಿಯ ಕಪ್ಪು ಟಾಫಿ ಎರೆಯುವುದು ಸಂಪ್ರದಾಯ. ಸಕ್ಕರೆ ಅಗ್ಗವಾಗದೆ ಇದ್ಯಾವುದೂ ಸಾಧ್ಯವಿರಲಿಲ್ಲ. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ 1830ರ ದಶಕದವರೆಗೂ ಗುಲಾಮರ ದುಡಿಮೆಯಿಂದ ಬಂದ ಸಕ್ಕರೆ ಅದು. 1874ರಲ್ಲಿ ಬ್ರಿಟನ್ ಸಕ್ಕರೆಯ ಮೇಲಿನ ಸುಂಕವನ್ನು ಪೂರ್ತಿ ತೆಗೆದುಹಾಕಿದ ಮೇಲಂತೂ ಟಾಫಿ ಕಾಸಿಗೆ ಸಿಗುವ ಮಿಠಾಯಿಯಾಯಿತು.

ಟಾಫಿಯ ತಿರುಳು ಬೆಣ್ಣೆ ಮತ್ತು ಸಕ್ಕರೆ, ಬೇರೆಯೆಲ್ಲ ಅಲಂಕಾರ. ಎರಡನ್ನೂ ಕುದಿಸುತ್ತ ಹೋದರೆ ನೀರು ಆರಿ ಪಾಕದ ಉಷ್ಣತೆ ಏರುತ್ತದೆ. 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಳಿಸಿ ತಟ್ಟೆಗೆ ಸುರಿದರೆ ಆರಿದ ಮೇಲೆ ಗಾಜಿನಂತೆ ಒಡೆಯುತ್ತದೆ. ಕಡಲೆಬೀಜದ ಚಿಕ್ಕಿಗೆ ಬೆಲ್ಲದ ಪಾಕ ತೆಗೆಯುವವರು ನೀರಿಗೆ ಬಿಟ್ಟ ಹನಿ ಗಟ್ಟಿಯಾಗಿ, ತಟ್ಟೆಗೆಸೆದರೆ ಟಣ್ಣೆನ್ನುವ ಹದಕ್ಕೆ ಕಾಯುವುದೂ ಇದೇ ಮಟ್ಟಕ್ಕೆ. ಟಾಫಿಯ ಕಂದು ಬಣ್ಣ ಸಕ್ಕರೆ ಕರಕಾದುದರಿಂದ ಮಾತ್ರ ಬರುವುದಲ್ಲ. ಬೆಣ್ಣೆಯಲ್ಲಿರುವ ಹಾಲಿನ ಪ್ರೋಟೀನು ಸಕ್ಕರೆಯೊಂದಿಗೆ ಬಿಸಿಯಲ್ಲಿ ವರ್ತಿಸಿ ಆ ಬಣ್ಣ, ಆ ಪರಿಮಳ ಹುಟ್ಟುತ್ತದೆ. ಉರಿ ಹೆಚ್ಚುಕಡಿಮೆಯಾದರೆ ಬೆಣ್ಣೆ ಒಡೆದು ಮೇಲೆ ತೇಲುತ್ತದೆ, ತೊಳಸುವಿಕೆ ತಪ್ಪಿದರೆ ಸಕ್ಕರೆ ಹರಳುಗಟ್ಟುತ್ತದೆ. ಹರಳಾಗದಿರಲು ನಿಂಬೆರಸವನ್ನೋ ಜೋಳದ ಸಿರಪ್ಪನ್ನೋ ಹಾಕುವುದು ಹಳೆಯ ಉಪಾಯ.

ಕೈಗಾರಿಕೆಯ ಟಾಫಿ ಹ್ಯಾಲಿಫ್ಯಾಕ್ಸ್ ಊರಿನದು. 1890ರಲ್ಲಿ ಜಾನ್ ಮತ್ತು ವಯಲೆಟ್ ಮ್ಯಾಕಿಂಟಾಶ್ ದಂಪತಿ ಅಲ್ಲಿ ಸಣ್ಣ ಅಂಗಡಿ ತೆರೆದು, ಇಂಗ್ಲಿಷರ ಗಡಸು ಬಟರ್‌ಸ್ಕಾಚಿಗೂ ಅಮೆರಿಕನ್ನರ ಮೆದು ಕ್ಯಾರಮೆಲಿಗೂ ನಡುವಿನ ಹದವೊಂದನ್ನು ಸಾಧಿಸಿದರು. ವಿಧಾನ ವಯಲೆಟ್‌ಳದು, ಆದರೆ ‘ಟಾಫಿ ರಾಜ’ ಎಂಬ ಬಿರುದು ಗಂಡನಿಗೆ ಸಂದಿತು. 1904ರಲ್ಲಿ ಅಮೆರಿಕಕ್ಕೆ ಕಾಲಿಟ್ಟಾಗ ಅಲ್ಲಿನ ಬೇಸಿಗೆಗೆ ಸರಕು ಮೆತ್ತಗಾಗಿ ಅಂಟಿಕೊಂಡಿತು, ಕೆಲವೇ ವರ್ಷಗಳಲ್ಲಿ ಆ ವ್ಯಾಪಾರ ಮುಚ್ಚಿತು. 

ಅಮೆರಿಕದಲ್ಲಿ ‘ಇಂಗ್ಲಿಷ್ ಟಾಫಿ’ ಎಂದು ನೆಲೆಯಾದದ್ದು ಬೇರೆಯದೇ ಸರಕು: ಬಾದಾಮಿ ಬೆರೆಸಿ ಚಾಕೊಲೇಟ್ ಹೊದಿಸಿದ ಗಡಸು ಟಾಫಿ. ಅದರ ಪ್ರಸಿದ್ಧ ರೂಪ ಇಲಿನಾಯ್ ರಾಜ್ಯದ ರಾಬಿನ್ಸನ್ ಎಂಬ ಸಣ್ಣ ಊರಿನದು. ಶಾಲಾ ಶಿಕ್ಷಕ ಎಲ್. ಎಸ್. ಹೀತ್ 1914ರಲ್ಲಿ ತನ್ನ ಮಕ್ಕಳಾದ ಬೇಯರ್ಡ್ ಮತ್ತು ಎವರೆಟ್‌ಗಾಗಿ ಮಿಠಾಯಿ ಅಂಗಡಿಯೊಂದನ್ನು ಕೊಂಡುಕೊಟ್ಟ. 1928ರ ಹೊತ್ತಿಗೆ ಅವರ ಟಾಫಿ ಸಿದ್ಧವಾಯಿತು. ಕುಟುಂಬಕ್ಕೆ ಹಾಲಿನ ಡೇರಿಯೂ ಇದ್ದುದರಿಂದ ಹಾಲು, ಬೆಣ್ಣೆ, ಗಿಣ್ಣುಗಳ ಪಟ್ಟಿಯಲ್ಲೇ ಹೀತ್ ಬಾರನ್ನೂ ಗುರುತು ಹಾಕಿ ತರಿಸಿಕೊಳ್ಳಬಹುದಿತ್ತು. ಮಿಠಾಯಿಯೊಂದು ಹಾಲಿನ ಗಾಡಿಯಲ್ಲಿ ಮನೆಬಾಗಿಲಿಗೆ ಬಂದ ಅಪರೂಪದ ಉದಾಹರಣೆ ಇದು. ಎರಡನೇ ಮಹಾಯುದ್ಧದಲ್ಲಿ ಸೈನ್ಯ ಬೇಡಿಕೆ ಸಲ್ಲಿಸಿ ದೇಶದ ತುಂಬ ಅದರ ಪರಿಚಯವಾಯಿತು. 1989ರಲ್ಲಿ ಕಂಪನಿ ಲೀಫ್ ಎಂಬ ಮಿಠಾಯಿ ಸಂಸ್ಥೆಯ ಪಾಲಾಗಿ, 1996ರಲ್ಲಿ ಚಾಕೊಲೇಟ್ ಕಂಪನಿ ಹರ್ಷಿಯ ಕೈ ಸೇರಿತು. ಅದಕ್ಕೂ ಮೊದಲೇ, 1981ರಲ್ಲಿ, ಹರ್ಷಿ ತನ್ನದೇ ಸ್ಕೋರ್ ಎಂಬ ಟಾಫಿ ಬಾರನ್ನು ತಂದಿತ್ತು.

ಬಾರನ್ನು ಒಡೆದು ಹಿಟ್ಟಿಗೆ ಹಾಕುವ ಅಭ್ಯಾಸಕ್ಕೆ ದಾರಿ ಮಾಡಿದ್ದು ಚಾಕೊಲೇಟ್ ಚಿಪ್ ಕುಕಿ. ಮ್ಯಾಸಚೂಸೆಟ್ಸ್‌ನ ವಿಟ್ಮನ್‌ನಲ್ಲಿ ಟೋಲ್ ಹೌಸ್ ಎಂಬ ಭೋಜನಗೃಹ ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ 1930ರ ದಶಕದಲ್ಲಿ ನೆಸ್ಲೆ ಬಾರನ್ನು ಚೂರು ಮಾಡಿ ಬಿಸ್ಕತ್ತಿನ ಹಿಟ್ಟಿಗೆ ಬೆರೆಸಿದಳು. ದಶಕ ಮುಗಿಯುವ ವೇಳೆಗೆ ನೆಸ್ಲೆ ಆ ಚೂರುಗಳನ್ನೇ ಚೀಲದಲ್ಲಿ ಮಾರತೊಡಗಿತು. ಟಾಫಿಯ ಸರದಿ ನಿಧಾನವಾಗಿ ಬಂತು. ಶತಮಾನದ ನಡುಭಾಗದಲ್ಲಿ ಕಂದು ಸಕ್ಕರೆ, ಬೆಣ್ಣೆಗಳ ಬಟರ್‌ಸ್ಕಾಚ್ ಬ್ರೌನಿ, ಅಂದರೆ ಚಾಕೊಲೇಟಿಲ್ಲದ ಬ್ಲಾಂಡಿ, ಟಾಫಿಯ ರುಚಿಯನ್ನು ಬ್ರೌನಿಯ ತಟ್ಟೆಗೆ ತಂದಿತ್ತು. ಚೂರುಗಳ ಗೀಳು ಹಿಡಿಸಿದ್ದು ಐಸ್‌ಕ್ರೀಮ್ ಅಂಗಡಿ. 1973ರಲ್ಲಿ ಬಾಸ್ಟನ್ ಪಕ್ಕದ ಸಾಮರ್‌ವಿಲ್‌ನಲ್ಲಿ ಸ್ಟೀವ್ ಹೆರೆಲ್ ಗಿರಾಕಿಯ ಕಣ್ಣೆದುರೇ ಹೀತ್ ಬಾರನ್ನು ಪುಡಿ ಮಾಡಿ ಐಸ್‌ಕ್ರೀಮಿಗೆ ಕಲಸಿ ಕೊಡುತ್ತಿದ್ದ, ಜನ ಬೀದಿಯುದ್ದ ಸಾಲು ನಿಲ್ಲುತ್ತಿದ್ದರು. ಮುಂದೆ ಬೇಕಿಂಗ್ ಸಾಮಾನಿನ ಸಾಲಿನಲ್ಲಿ ಟಾಫಿ ಚೂರಿನ ಚೀಲಗಳು ಕಾಣಿಸಿಕೊಂಡು, ಮಕ್ಕಳ ಬಾರನ್ನು ಸುತ್ತಿಗೆಯಿಂದ ಜಜ್ಜುವ ಕೆಲಸ ತಪ್ಪಿತು. ಟಾಫಿ ಬ್ರೌನಿಗೆ ಇಂಥವರೇ ಜನಕರೆಂದು ಹೇಳುವಂತಿಲ್ಲ, ಚೀಲ ಸಿಕ್ಕ ಮನೆಗಳೆಲ್ಲ ಅದನ್ನು ಮಾಡಿದವು.

ಟಾಫಿ ಬ್ರೌನಿಯಲ್ಲಿ ಎರಡು ಪದಾರ್ಥಗಳ ಗುಣ ಒಂದಕ್ಕೊಂದು ಎದುರು. ಬ್ರೌನಿಗೆ ತೇವ ಬೇಕು, ಟಾಫಿಗೆ ತೇವವೇ ವೈರಿ. ಸಕ್ಕರೆಯ ಗಾಜು ಸುತ್ತಲಿನ ನೀರನ್ನು ಎಳೆದುಕೊಂಡು ಕರಗುತ್ತದೆ. ಸಣ್ಣ ಚೂರುಗಳು ಬೇಯುವಾಗಲೇ ಮಾಯವಾಗಿ ಅಂಟಾದ ಕುಳಿಗಳನ್ನಷ್ಟೇ ಉಳಿಸುತ್ತವೆ. ಅಂಚಿಗೆ ತಾಗಿದವು ತಟ್ಟೆಗೆ ಕಚ್ಚಿ ಕರಕಾಗುತ್ತವೆ. ಆದ್ದರಿಂದ ಚೂರು ದೊಡ್ಡದಿರಬೇಕು, ಚಾಕೊಲೇಟ್ ಹೊದಿಕೆ ಇದ್ದರೆ ಇನ್ನೂ ಒಳ್ಳೆಯದು, ಕಾಗದ ಹಾಸಬೇಕು, ಒಂದು ಪಾಲನ್ನು ಬೇಯುವುದು ಮುಗಿಯುವ ಕೆಲವು ನಿಮಿಷ ಮುನ್ನ ಮೇಲೆ ಉದುರಿಸಬೇಕು. ಟಾಫಿಯಲ್ಲಿ ಸಕ್ಕರೆಯೇ ಹೆಚ್ಚಿರುವುದರಿಂದ ಹಿಟ್ಟಿನ ಸಕ್ಕರೆ ತಗ್ಗಿಸಿ ಉಪ್ಪು ತುಸು ಏರಿಸುವುದು ವಾಡಿಕೆ. ಮಾಡಿದ ದಿನ ಕರುಮ್ಮೆನ್ನುವ ಚೂರು ಮರುದಿನಕ್ಕೆ ಅಗಿಯುವ ಕ್ಯಾರಮೆಲ್ ಆಗಿರುತ್ತದೆ. ಎರಡನ್ನೂ ಮೆಚ್ಚುವವರಿದ್ದಾರೆ.

ಭಾರತದ ಮನೆಗಳಿಗೆ ಬ್ರೌನಿ ತಡವಾಗಿ ಬಂತು, ಹೋಟೆಲಿನ ಮೂಲಕ. ಕಾದ ಕಬ್ಬಿಣದ ತಟ್ಟೆಯ ಮೇಲೆ ಬ್ರೌನಿ, ಅದರ ಮೇಲೆ ವೆನಿಲಾ ಐಸ್‌ಕ್ರೀಮ್ ಇಟ್ಟು ಚಾಕೊಲೇಟ್ ಸಾಸ್ ಸುರಿದು ಚುರ್ರೆನಿಸುವ ‘ಸಿಜ್ಲಿಂಗ್ ಬ್ರೌನಿ’ ಬೆಂಗಳೂರು, ಮುಂಬೈಗಳ ರೆಸ್ಟೊರೆಂಟುಗಳಲ್ಲಿ ಹಲವರಿಗೆ ಮೊದಲ ಪರಿಚಯ. ಚಾಕೊಲೇಟಿನ ಕಚ್ಚಾವಸ್ತು ಮಾತ್ರ ಕರ್ನಾಟಕದಲ್ಲಿ ಅದಕ್ಕಿಂತ ಮೊದಲೇ ಬೆಳೆಯುತ್ತಿತ್ತು. 1965ರಲ್ಲಿ ಕ್ಯಾಡ್‌ಬರಿ ವಯನಾಡಿನ ಚುಂಡೇಲ್‌ನಲ್ಲಿ ಕೋಕೋ ಬೆಳೆಸಲು ಆರಂಭಿಸಿದ ಮೇಲೆ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೂ ಅದು ಉಪಬೆಳೆಯಾಗಿ ಹಬ್ಬಿತು. ಅಡಿಕೆ ಮರದ ನೆರಳು ಕೋಕೋ ಗಿಡಕ್ಕೆ ಹಿತ, ನೀರಾವರಿ ಹೇಗೂ ಇತ್ತು. 1980ರ ದಶಕದ ಆರಂಭಕ್ಕೆ ಬೆಲೆ ಕುಸಿದು ಕೊಳ್ಳುವವರಿಲ್ಲದೆ ಬೆಳೆಗಾರರು ಗಿಡ ಕಡಿಯುವ ಸ್ಥಿತಿ ಬಂದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಅಡಿಕೆಗಾಗಿ ಹುಟ್ಟಿದ್ದ ಕ್ಯಾಂಪ್ಕೊ ಸಹಕಾರ ಸಂಸ್ಥೆ ಕೋಕೋ ಖರೀದಿಗೆ ಇಳಿಯಿತು. ಕೊಂಡ ಬೀಜವನ್ನು ಬಳಸಲೆಂದು ಪುತ್ತೂರಿನಲ್ಲಿ ಕಟ್ಟಿದ ಚಾಕೊಲೇಟ್ ಕಾರ್ಖಾನೆ 1986ರಲ್ಲಿ ಕೆಲಸ ಶುರುಮಾಡಿತು. ಬೆಳೆಗಾರರೇ ಒಡೆಯರಾಗಿರುವ ಚಾಕೊಲೇಟ್ ಕಾರ್ಖಾನೆ ಎಲ್ಲಿಯೂ ಸುಲಭಕ್ಕೆ ಕಾಣಸಿಗದು.

ಇಲ್ಲಿನ ಮನೆಬ್ರೌನಿ ಎರಡು ವಿಷಯಗಳಲ್ಲಿ ಬಾಸ್ಟನ್ನಿನದಕ್ಕಿಂತ ಬೇರೆ. ಮನೆಯಲ್ಲಿ ಬೇಯಿಸಿ ಮಾರುವವರು ಹೆಚ್ಚಾಗಿ ಬಳಸುವುದು ಕಾಂಪೌಂಡ್ ಚಾಕೊಲೇಟ್. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಅಗ್ಗದ ಸಸ್ಯಜನ್ಯ ಕೊಬ್ಬಿರುತ್ತದೆ, ಸೆಕೆಗೆ ಬೇಗ ಕರಗದು, ಆದರೆ ಬಾಯಲ್ಲಿ ಮೇಣದಂತೆ ಉಳಿಯುತ್ತದೆ. ಅದರಲ್ಲಿ ಮೊದಲೇ ಸಕ್ಕರೆ ಇರುವುದರಿಂದ ಅಮೆರಿಕದ ಹಳೆಯ ಅಳತೆಯನ್ನು ಹಾಗೆಯೇ ಅನುಸರಿಸಿದರೆ ಸಿಹಿ ಮಿತಿಮೀರುತ್ತದೆ. ಎರಡನೆಯದು ಮೊಟ್ಟೆ. ಮೊಟ್ಟೆ ಬೆರೆತ ತಿನಿಸಿಗೆ ಸಸ್ಯಾಹಾರದ ಹಸಿರು ಗುರುತು ಸಿಗುವುದಿಲ್ಲ, ಮನೆಗಳಲ್ಲೂ ಮೊಟ್ಟೆಯಿಲ್ಲದ್ದಕ್ಕೇ ಬೇಡಿಕೆ ಹೆಚ್ಚು. ಮೊಟ್ಟೆಯ ಸ್ಥಾನಕ್ಕೆ ಮಂದಗೊಳಿಸಿದ ಸಿಹಿ ಹಾಲೋ ಮೊಸರೋ ಬರುತ್ತದೆ. ಸಿಹಿ ಹಾಲಿನ ಸಕ್ಕರೆ ಮತ್ತು ಪ್ರೋಟೀನು ತಿರುಳನ್ನು ಫಜ್‌ನಷ್ಟೇ ಮುದ್ದೆಯಾಗಿಸುತ್ತವೆ. ಮೊಸರು ಸೋಡಾದೊಂದಿಗೆ ಸೇರಿ ಹಿಟ್ಟನ್ನು ಉಬ್ಬಿಸಿ ಮತ್ತೆ ಕೇಕಿನ ಕಡೆಗೇ ಎಳೆಯುತ್ತದೆ. ಮೊಟ್ಟೆಯಿಲ್ಲದಿದ್ದರೆ ಮೇಲಿನ ಹೊಳಪಿನ ಪೊರೆಯೂ ಸರಿಯಾಗಿ ಕಟ್ಟುವುದಿಲ್ಲ. ಅಂಥ ಬ್ರೌನಿಯ ಸಾದಾ ಮೇಲ್ಮೈಗೆ ಗನಾಶ್, ಅಂದರೆ ಕೆನೆ ಬೆರೆಸಿ ಕರಗಿಸಿದ ಚಾಕೊಲೇಟ್ ಎರೆದು ಟಾಫಿ ಚೂರು ಉದುರಿಸುವ ರೂಢಿ ಇಲ್ಲಿ ಬೆಳೆದಿದೆ. ಓವನ್ನಿನ ಹೊರಗೆ, ಆರಿದ ಮೇಲೆ ಬೀಳುವುದರಿಂದ ಆ ಚೂರು ಗರಿಗರಿಯಾಗಿಯೇ ಇರುತ್ತದೆ.